ಓದುಗರ ಪ್ರಶ್ನೆ: ಕಿಡ್ನಿ ಕ್ಯಾನ್ಸರ್ ಬೇಗ ಗೊತ್ತಾಗೋಕೆ ಒಂದು ಮೂತ್ರ ಪರೀಕ್ಷೆ ಸಾಕಾ?

ಈ ಸಲ ಬಂದ ಪತ್ರಗಳಲ್ಲಿ ಕಿಡ್ನಿ ಕ್ಯಾನ್ಸರ್ ಬಗ್ಗೆ ಕೇಳಿದವೇ ಜಾಸ್ತಿ. ಮನೆಯವರಿಗೆ ಬಂತಲ್ಲ ಅಂತ ಗಾಬರಿಯಾದವರು, ಟೆಸ್ಟ್ ಮಾಡಿಸಲೇ ಬೇಡವೇ ಅಂತ ಕೇಳುವವರು, ಅದರ ಮೇಲೇ ಸಂಶೋಧನೆ ಮಾಡಬೇಕು ಅನ್ನುವ ವಿದ್ಯಾರ್ಥಿನಿ, ಎಲ್ಲರೂ ಬರೆದಿದ್ದಾರೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದೊಂದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸಾರ್, ನಮ್ಮಪ್ಪಾಜಿಗೆ 61 ವರ್ಷ. ಹೊಟ್ಟೆ ಉಬ್ಬರ ಅಂತ ಸ್ಕ್ಯಾನಿಂಗ್ ಮಾಡಿಸಿದ್ವಿ. ಪಿತ್ತಕೋಶದಲ್ಲಿ ಕಲ್ಲಿದೆ, ಜೊತೆಗೆ ಎಡಗಡೆ ಕಿಡ್ನಿಯಲ್ಲಿ 3 ಸೆಂಟಿಮೀಟರ್ ಗಡ್ಡೆ ಇದೆ ಅಂದ್ರು. ನೋವಿಲ್ಲ, ಮೂತ್ರದಲ್ಲಿ ರಕ್ತ ಇಲ್ಲ, ಗದ್ದೆ ಕೆಲಸ ಎಲ್ಲಾ ಮಾಡ್ಕೊಂಡೇ ಇದ್ರು. ವರ್ಷಾ ವರ್ಷ ರಕ್ತ, ಮೂತ್ರ ಟೆಸ್ಟ್ ಮಾಡಿಸ್ತಿದ್ವಿ, ಕ್ರಿಯಾಟಿನಿನ್ ಯಾವಾಗಲೂ ನಾರ್ಮಲ್. ಮತ್ತೆ ಅದರಲ್ಲಿ ಯಾಕೆ ಗೊತ್ತಾಗಲಿಲ್ಲ? — ಮದ್ದೂರು

ಮೊದಲಿಗೆ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕ್ರಿಯಾಟಿನಿನ್ ಹೇಳುವುದು ಕಿಡ್ನಿ ರಕ್ತವನ್ನು ಸರಿಯಾಗಿ ಸೋಸುತ್ತಿದೆಯೇ ಅನ್ನುವುದನ್ನು ಮಾತ್ರ. ಒಳಗೆ ಏನು ಬೆಳೆಯುತ್ತಿದೆ ಅಂತ ಅದಕ್ಕೆ ಗೊತ್ತಿಲ್ಲ. ಒಂದು ಕಿಡ್ನಿ ಪೂರ್ತಿ ತೆಗೆದರೂ ಇನ್ನೊಂದು ಚೆನ್ನಾಗಿದ್ದರೆ ಮನುಷ್ಯ ಬದುಕುತ್ತಾನೆ ಅಂದಮೇಲೆ, 3 ಸೆಂಟಿಮೀಟರ್ ಗಡ್ಡೆಯಿಂದ ಕ್ರಿಯಾಟಿನಿನ್ ಯಾಕೆ ಏರಬೇಕು ಹೇಳಿ. ವರ್ಷಾ ವರ್ಷ ಮಾಡುವ ಮೂತ್ರ ಪರೀಕ್ಷೆಯೂ ಅಷ್ಟೇ. ಅದು ಸಕ್ಕರೆ, ಆಲ್ಬುಮಿನ್, ಕೀವು ಕಣ, ರಕ್ತ ಕಣ ನೋಡುತ್ತದೆ. ಗಡ್ಡೆಯಿಂದ ರಕ್ತ ಒಸರದಿದ್ದರೆ ಅದರಲ್ಲೂ ಏನೂ ಕಾಣುವುದಿಲ್ಲ.

ಪಠ್ಯಪುಸ್ತಕಗಳಲ್ಲಿ ಮೂರು ಲಕ್ಷಣ ಹೇಳುತ್ತಾರೆ: ಪಕ್ಕೆ ನೋವು, ಮೂತ್ರದಲ್ಲಿ ರಕ್ತ, ಕೈಗೆ ಸಿಗುವ ಗಡ್ಡೆ. ಮೂರೂ ಒಟ್ಟಿಗೆ ಇರುವವರು ನೂರಕ್ಕೆ ಹತ್ತು ಜನವೂ ಇಲ್ಲ, ಇದ್ದವರಲ್ಲಿ ಕಾಯಿಲೆ ಸಾಮಾನ್ಯವಾಗಿ ಮುಂದುವರಿದಿರುತ್ತದೆ. ಕಿಡ್ನಿ ಇರುವುದು ಬೆನ್ನಿನ ಕಡೆ, ಆಳದಲ್ಲಿ. ಅಲ್ಲಿ ಸಣ್ಣ ಗಡ್ಡೆ ಬೆಳೆದರೆ ಯಾವುದಕ್ಕೂ ಒತ್ತುವುದಿಲ್ಲ, ನೋಯುವುದೂ ಇಲ್ಲ. ಹಾಗಾಗಿ ಇವತ್ತು ಪತ್ತೆಯಾಗುವ ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನಿಮ್ಮಪ್ಪಾಜಿಯ ಹಾಗೇ, ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಅಕಸ್ಮಾತ್ ಸಿಗುತ್ತವೆ.

ಇನ್ನು ಧೈರ್ಯದ ಮಾತು. 4 ಸೆಂಟಿಮೀಟರ್‌ಗಿಂತ ಚಿಕ್ಕ ಗಡ್ಡೆಗಳಲ್ಲಿ ಸುಮಾರು ಐದಕ್ಕೆ ಒಂದು ಕ್ಯಾನ್ಸರೇ ಆಗಿರುವುದಿಲ್ಲ. ಕ್ಯಾನ್ಸರ್ ಆಗಿದ್ದರೂ ಎಷ್ಟೋ ಸಲ ಇಡೀ ಕಿಡ್ನಿ ತೆಗೆಯದೆ ಗಡ್ಡೆಯಷ್ಟನ್ನೇ ತೆಗೆಯಬಹುದು. ಯುರಾಲಜಿ ಡಾಕ್ಟರ ಹತ್ತಿರ ಹೋದಾಗ "ಕಿಡ್ನಿ ಉಳಿಸಿಕೊಂಡು ಆಪರೇಷನ್ ಆಗುತ್ತಾ?" ಅಂತ ಬಾಯಿಬಿಟ್ಟು ಕೇಳಿ. ಕಿಡ್ನಿಯಲ್ಲೇ ಇರುವಾಗ ಸಿಕ್ಕಿದರೆ ನೂರಕ್ಕೆ 90ಕ್ಕಿಂತ ಜಾಸ್ತಿ ಜನ ಐದು ವರ್ಷ ದಾಟುತ್ತಾರೆ, ದೂರದ ಅಂಗಗಳಿಗೆ ಹರಡಿದ ಮೇಲಾದರೆ ಆ ಸಂಖ್ಯೆ 20ರ ಒಳಗೆ ಇಳಿಯುತ್ತದೆ. ಇದು ಅಮೆರಿಕದ ಲೆಕ್ಕ. ಇಷ್ಟು ದೊಡ್ಡ ಅಂತರ ಇರುವುದರಿಂದಲೇ ಪ್ರಪಂಚದ ಎಷ್ಟೋ ಲ್ಯಾಬ್‌ಗಳು ಕ್ಯಾನ್ಸರನ್ನು ಬೇಗ ತೋರಿಸಿಕೊಡುವ, ರಕ್ತದಲ್ಲೋ ಮೂತ್ರದಲ್ಲೋ ಸಿಗುವ ಒಂದು ಪ್ರೋಟೀನಿಗಾಗಿ ತಲೆ ಕೆಡಿಸಿಕೊಂಡಿರುವುದು.

ಪ್ರಶ್ನೆ: ಪ್ರಾಸ್ಟೇಟ್‌ಗೆ ಪಿಎಸ್‌ಎ ಅಂತ ರಕ್ತ ಪರೀಕ್ಷೆ ಇದೆ. ಕಿಡ್ನಿಗೆ ಮಾತ್ರ ಯಾಕಿಲ್ಲ? ಸಂಶೋಧನೆ ಎಲ್ಲಿವರೆಗೆ ಬಂದಿದೆ, ಸ್ವಲ್ಪ ಬಿಡಿಸಿ ಹೇಳ್ತೀರಾ? ನಾನು ಬ್ಯಾಂಕಿನಿಂದ ನಿವೃತ್ತನಾದವನು, ವಿಜ್ಞಾನ ಅಷ್ಟಾಗಿ ಓದಿಲ್ಲ. — ಕುವೆಂಪುನಗರ, ಮೈಸೂರು

ಒಳ್ಳೆ ಪ್ರಶ್ನೆ ಸಾರ್. ನಿಧಾನವಾಗಿ ಓದಿ.

ಮೂತ್ರದಲ್ಲಿ ಕ್ಯಾನ್ಸರ್ ಹುಡುಕುವ ಕೆಲಸ ಹೊಸದೇನಲ್ಲ. 1840ರ ದಶಕದಲ್ಲೇ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್, ಮೂಳೆ ಮಜ್ಜೆಯ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ಮೂತ್ರದಲ್ಲಿ ವಿಚಿತ್ರವಾದ ಪ್ರೋಟೀನ್ ಒಂದನ್ನು ಗುರುತಿಸಿದ. ಕ್ಯಾನ್ಸರಿನ ಮೊದಲ ಗುರುತು ಅಂತ ಇವತ್ತಿಗೂ ಅದನ್ನೇ ಹೇಳುತ್ತಾರೆ. ಕಿಡ್ನಿಯ ವಿಷಯದಲ್ಲಂತೂ ಆಸೆ ಹುಟ್ಟುವುದು ಸಹಜ, ಯಾಕಂದರೆ ಮೂತ್ರ ತಯಾರಾಗುವುದೇ ಅಲ್ಲಿ. ಗಡ್ಡೆ ಪಕ್ಕದಲ್ಲೇ ಇದ್ದಮೇಲೆ ಅದರ ಪ್ರೋಟೀನ್ ಮೂತ್ರಕ್ಕೆ ಇಳಿಯಲೇಬೇಕು, ಅಲ್ವಾ?

ಕಿಡ್ನಿ ಕ್ಯಾನ್ಸರ್‌ಗಳಲ್ಲಿ ಮುಕ್ಕಾಲು ಭಾಗದಷ್ಟು ಕ್ಲಿಯರ್ ಸೆಲ್ ಅನ್ನುವ ಜಾತಿಗೆ ಸೇರಿದವು. ಈ ಜೀವಕೋಶಗಳ ತುಂಬ ಕೊಬ್ಬು, ಗ್ಲೈಕೋಜನ್ ಇರುತ್ತದೆ. ಸ್ಲೈಡ್ ತಯಾರಿಸುವಾಗ ಅವು ಕರಗಿ ಹೋಗಿ, ಸೂಕ್ಷ್ಮದರ್ಶಕದಲ್ಲಿ ಕೋಶದ ಒಳಗೆಲ್ಲ ಖಾಲಿ ಬಿಳಿ ಜಾಗ ಕಾಣುತ್ತದೆ. ಇಂಥ ಗಡ್ಡೆಗಳಲ್ಲಿ ಬಹುಪಾಲಿನಲ್ಲಿ ವಿಎಚ್‌ಎಲ್ ಅನ್ನುವ ಜೀನ್ ಕೆಟ್ಟಿರುತ್ತದೆ. ಆ ಜೀನ್ ಸರಿ ಇದ್ದಾಗ ಎಚ್‌ಐಎಫ್ ಅನ್ನುವ ಪ್ರೋಟೀನನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಕೆಟ್ಟರೆ, ಆಮ್ಲಜನಕ ಬೇಕಾದಷ್ಟು ಇದ್ದರೂ ಜೀವಕೋಶ ಉಸಿರು ಕಟ್ಟಿದಂತೆ ವರ್ತಿಸುತ್ತದೆ, ಹೊಸ ರಕ್ತನಾಳ ಬೆಳೆಸಿಕೊಳ್ಳುತ್ತದೆ, ಸಿಎ9 ಅನ್ನುವ ಪ್ರೋಟೀನನ್ನು ಮೈಮೇಲೆ ದಟ್ಟವಾಗಿ ಹೊರಹಾಕುತ್ತದೆ. ಆಮ್ಲಜನಕವನ್ನು ಜೀವಕೋಶ ಹೇಗೆ ಗುರುತಿಸುತ್ತದೆ ಅಂತ ಬಿಡಿಸಿ ಹೇಳಿದ್ದಕ್ಕೇ 2019ರಲ್ಲಿ ಕೇಲಿನ್, ರ್‍ಯಾಟ್‌ಕ್ಲಿಫ್, ಸೆಮೆಂಜಾ ಮೂವರಿಗೆ ನೊಬೆಲ್ ಬಂತು. ಸಿಎ9ಗೆ ಅಂಟಿಕೊಳ್ಳುವ ಆ್ಯಂಟಿಬಾಡಿಗೆ ವಿಕಿರಣದ ಗುರುತು ಕಟ್ಟಿ, ಪೆಟ್ ಸ್ಕ್ಯಾನ್‌ನಲ್ಲಿ ಗಡ್ಡೆ ಕ್ಲಿಯರ್ ಸೆಲ್ ಹೌದೋ ಅಲ್ಲವೋ ಅಂತ ನೋಡುವ ವಿಧಾನವನ್ನು ದೊಡ್ಡ ಪ್ರಯೋಗದಲ್ಲಿ ಪರೀಕ್ಷಿಸಿದ್ದಾರೆ, ಫಲಿತಾಂಶ ಚೆನ್ನಾಗಿಯೇ ಬಂದಿದೆ. ಆದರೆ ಅದು ಗಡ್ಡೆ ಸಿಕ್ಕಮೇಲಿನ ಮಾತು. ಗಡ್ಡೆ ಇದೆ ಅಂತಲೇ ಗೊತ್ತಿಲ್ಲದವರಿಗೆ ಏನು ಮಾಡೋಣ?

ಇದಕ್ಕೆ ಮುಖ್ಯವಾಗಿ ಎರಡು ದಾರಿ ನಡೆದಿವೆ. ಒಂದು ಮೂತ್ರದ್ದು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆಕ್ವಪೋರಿನ್-1, ಪೆರಿಲಿಪಿನ್-2 ಅನ್ನುವ ಎರಡು ಪ್ರೋಟೀನ್ ಹಿಡಿದರು. ಮೊದಲನೆಯದು ಜೀವಕೋಶದೊಳಗೆ ನೀರು ಹೋಗುವ ಬಾಗಿಲು, ಎರಡನೆಯದು ಕೊಬ್ಬಿನ ಹನಿಯ ಮೇಲಿನ ಹೊದಿಕೆ. 2015ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ, ಬೇರೆ ಬೇರೆ ಕಾರಣಕ್ಕೆ ಹೊಟ್ಟೆಯ ಸಿಟಿ ಸ್ಕ್ಯಾನ್‌ಗೆ ಬಂದ 720 ಜನರ ಮೂತ್ರ ನೋಡಿದರು. 3 ಜನರಲ್ಲಿ ಈ ಪ್ರೋಟೀನ್‌ಗಳು ಏರಿದ್ದವು, ಆ ಮೂವರ ಸ್ಕ್ಯಾನ್‌ನಲ್ಲೂ ಕಿಡ್ನಿ ಗಡ್ಡೆ ಕಂಡಿತು, ಇಬ್ಬರಿಗೆ ಕ್ಯಾನ್ಸರ್ ಖಚಿತವಾಯಿತು. ಓದಿದರೆ ರೋಮಾಂಚನ ಆಗುತ್ತದೆ. ಆದರೆ ಇಬ್ಬರ ಮೇಲೆ ಊರಿಗೆಲ್ಲ ಪರೀಕ್ಷೆ ಶುರು ಮಾಡಲಾಗುವುದಿಲ್ಲ. ಅಲ್ಲದೆ ಈ ಪ್ರೋಟೀನ್‌ಗಳು ಕ್ಲಿಯರ್ ಸೆಲ್, ಪ್ಯಾಪಿಲರಿ ಜಾತಿಗಳನ್ನು ತೋರಿಸುತ್ತವೆಯೇ ಹೊರತು ಕಿಡ್ನಿಯ ಬೇರೆ ಭಾಗದಿಂದ ಹುಟ್ಟುವ ಕ್ರೋಮೋಫೋಬ್ ಜಾತಿಯನ್ನು ತೋರಿಸುವುದಿಲ್ಲ.

ಇನ್ನೊಂದು ದಾರಿ ರಕ್ತದ್ದು, ನನಗೆ ಜಾಸ್ತಿ ನಂಬಿಕೆ ಇರುವುದು ಇದರಲ್ಲೇ. ಪ್ರೋಟೀನಿನ ಹೆಸರು ಕಿಮ್-1. ಯುರೋಪಿನ ಹತ್ತು ದೇಶಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಆರೋಗ್ಯವಂತರನ್ನು ಸೇರಿಸಿಕೊಂಡು, ಅವರಲ್ಲಿ ಬಹುತೇಕರ ರಕ್ತವನ್ನು ಮುಂದಿನ ಸಂಶೋಧನೆಗೆ ಅಂತ ಜೋಪಾನವಾಗಿ ಇಟ್ಟಿದ್ದ ಎಪಿಕ್ ಅನ್ನುವ ಅಧ್ಯಯನ ಇದೆ. ಅದರಲ್ಲಿ ಮುಂದೆ ಕಿಡ್ನಿ ಕ್ಯಾನ್ಸರ್ ಬಂದ 190 ಜನರ ಹಳೇ ರಕ್ತವನ್ನು ಹೊರಗೆ ತೆಗೆದು, ಕ್ಯಾನ್ಸರ್ ಬರದ ಅಷ್ಟೇ ಜನರ ರಕ್ತದ ಜೊತೆ ಹೋಲಿಸಿದರು. 2018ರಲ್ಲಿ ಫಲಿತಾಂಶ ಬಂತು. ರೋಗ ಪತ್ತೆಯಾಗುವ ಐದು ವರ್ಷ ಮೊದಲಿನ ರಕ್ತದಲ್ಲೂ ಕಿಮ್-1 ಜಾಸ್ತಿ ಇತ್ತು! ಇಲ್ಲಿ ಗಮನಿಸಬೇಕಾದ್ದು, ಇವರು ಆಪರೇಷನ್ ಟೇಬಲ್ ಮೇಲೆ ಮಲಗಿದವರ ರಕ್ತ ತೆಗೆದುಕೊಳ್ಳಲಿಲ್ಲ. ಇನ್ನೂ ಏನೂ ಗೊತ್ತಿಲ್ಲದೆ ಓಡಾಡಿಕೊಂಡಿದ್ದವರ ರಕ್ತ ಅದು. ಬೇಗ ಪತ್ತೆ ಅನ್ನುವ ಮಾತಿಗೆ ಅರ್ಥ ಬರುವುದು ಅಂಥ ರಕ್ತದಿಂದಲೇ.

ಹಾಗಾದರೆ ತೊಡಕು ಏನು? ಕಿಮ್-1 ಮೂಲತಃ ಕಿಡ್ನಿಗೆ ಪೆಟ್ಟು ಬಿದ್ದಾಗ ಏರುವ ಪ್ರೋಟೀನ್. ಅದರ ಹೆಸರೇ ಹಾಗೆ ಹೇಳುತ್ತದೆ, ಕಿಡ್ನಿ ಇಂಜುರಿ ಮಾಲಿಕ್ಯೂಲ್. ಹಳೇ ಶುಗರ್ ಇದ್ದವರಲ್ಲಿ, ಕಿಡ್ನಿಗೆ ಒಗ್ಗದ ಔಷಧಿ ತೆಗೆದುಕೊಂಡವರಲ್ಲಿ, ಬೇರೆ ಕಾರಣಕ್ಕೆ ಕಿಡ್ನಿ ಹಾಳಾದವರಲ್ಲಿ ಕೂಡ ಏರಬಹುದು. ನಮ್ಮೂರಿನಲ್ಲಿ ಐವತ್ತು ದಾಟಿದ ಹತ್ತು ಜನರನ್ನು ನಿಲ್ಲಿಸಿ, ಎಷ್ಟು ಜನರಿಗೆ ಶುಗರ್, ಬಿಪಿ ಇಲ್ಲ ಹೇಳಿ. ಕ್ಯಾನ್ಸರ್ ಇದ್ದವರನ್ನು ಗಟ್ಟಿಮುಟ್ಟಾದವರಿಂದ ಬೇರೆ ಮಾಡುವುದು ಸುಲಭ. ಇಂಥ ಕಿಡ್ನಿ ತೊಂದರೆ ಇದ್ದವರಿಂದ ಬೇರೆ ಮಾಡುವುದೇ ನಿಜವಾದ ಪರೀಕ್ಷೆ. ಅದರಲ್ಲಿ ಗೆದ್ದು ಬಂದು, ಮಾಮೂಲಿಯಾಗಿ ಎಲ್ಲರಿಗೂ ಮಾಡಿಸಿ ಅಂತ ವೈದ್ಯರು ಒಪ್ಪಿಕೊಂಡ ಪ್ರೋಟೀನ್ ಇನ್ನೂ ಒಂದೂ ಇಲ್ಲ.

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದೇನೆ. ನಮ್ಮ ಅತ್ತೆ ಕಿಡ್ನಿ ಕ್ಯಾನ್ಸರ್‌ನಿಂದ ಹೋದರು. ಪ್ರಾಜೆಕ್ಟ್‌ಗೆ ಇದನ್ನೇ ತೆಗೆದುಕೊಳ್ಳಬೇಕು ಅಂತಿದೆ. ಮೂವತ್ತು ರೋಗಿಗಳ ಮೂತ್ರ, ನಮ್ಮ ಕ್ಲಾಸಿನ ಮೂವತ್ತು ಜನರ ಮೂತ್ರ ತಂದು ಹೋಲಿಸಿದರೆ ಹೊಸ ಪ್ರೋಟೀನ್ ಸಿಗಬಹುದಾ ಸಾರ್? — ಮೈಸೂರು

ಸಿಗುತ್ತದೆ. ನೂರಾರು ಸಿಗುತ್ತವೆ. ಒಂದೂ ಉಪಯೋಗಕ್ಕೆ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಆಸೆ ದೊಡ್ಡದು, ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ.

ನಿಮ್ಮ ರೋಗಿಗಳಿಗೆ ಅರವತ್ತರ ಆಸುಪಾಸು, ಗಂಡಸರೇ ಜಾಸ್ತಿ, ಬೀಡಿ ಸಿಗರೇಟು ಸೇದಿದವರು, ಬಿಪಿ ಮಾತ್ರೆ ನುಂಗುವವರು. ನಿಮ್ಮ ಕ್ಲಾಸಿನವರಿಗೆ ಇಪ್ಪತ್ತೆರಡು, ಬಹುಶಃ ಹುಡುಗಿಯರೇ ಜಾಸ್ತಿ. ನೀವು ಹಿಡಿಯುವ ವ್ಯತ್ಯಾಸ ವಯಸ್ಸಿನದ್ದೋ, ಬಿಪಿಯದ್ದೋ, ಕ್ಯಾನ್ಸರಿನದ್ದೋ? ಯಾರಿಗೂ ಹೇಳಲಾಗುವುದಿಲ್ಲ. ರೋಗಿಗೆ ಮೂತ್ರದಲ್ಲಿ ಸ್ವಲ್ಪ ರಕ್ತ ಹೋಗುತ್ತಿದ್ದರಂತೂ ರಕ್ತದ ಪ್ರೋಟೀನೆಲ್ಲ ಅದರೊಳಗೆ ಸೇರಿ, ಅವನ್ನೇ ನೀವು ಹೊಸ ಗುರುತು ಅಂದುಕೊಳ್ಳುತ್ತೀರಿ. ಹೋಲಿಕೆಗೆ ಬೇಕಾದವರು ಅದೇ ವಯಸ್ಸಿನ, ಅದೇ ಆಸ್ಪತ್ರೆಯ, ಕಿಡ್ನಿ ಕಲ್ಲಿಗೋ ಶುಗರ್‌ಗೋ ಬಂದವರು, ಜೊತೆಗೆ ಗಡ್ಡೆ ಇದ್ದೂ ಅದು ಕ್ಯಾನ್ಸರ್ ಅಲ್ಲ ಅಂತ ಖಚಿತವಾದವರು. ಈ ಕೊನೆಯವರು ಸಿಗುವುದು ಕಷ್ಟ. ಆದರೆ ಅವರಿಲ್ಲದಿದ್ದರೆ ನಿಮ್ಮ ಕೆಲಸಕ್ಕೆ ತೂಕ ಬರುವುದಿಲ್ಲ.

ಇನ್ನು ಮೂತ್ರದ ಬಗ್ಗೆ. ಸುಮ್ನೆ ಬಾಟಲಿಯಲ್ಲಿ ತಂದು ಫ್ರಿಜ್ಜಿನಲ್ಲಿಟ್ಟು ನಾಳೆ ನೋಡೋಣ ಅಂದರೆ ಮುಗಿಯಿತು. ಒಂದು ರಾತ್ರಿ ತಣ್ಣಗಿಟ್ಟ ಮೂತ್ರದ ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಗಂಜಿ ತಿಳಿಯ ಹಾಗೆ ಬೆಳ್ಳಗೆ ಮಬ್ಬು ಕೂತಿರುತ್ತದೆ. ಅದರಲ್ಲಿ ಲವಣದ ಜೊತೆ ಯುರೋಮಾಡ್ಯುಲಿನ್ ಇರುತ್ತದೆ, ಆರೋಗ್ಯವಂತರ ಮೂತ್ರದಲ್ಲಿ ಅತಿ ಹೆಚ್ಚು ಇರುವ ಪ್ರೋಟೀನ್ ಅದು, ಕಿಡ್ನಿಯೇ ತಯಾರಿಸುವಂಥದ್ದು. ತಣ್ಣಗಾದಾಗ ಎಳೆ ಎಳೆಯಾಗಿ ಹೆಣೆದುಕೊಂಡು ಬಲೆಯಾಗುತ್ತದೆ, ನಿಮಗೆ ಬೇಕಾದ ಸಣ್ಣ ಪ್ರೋಟೀನ್‌ಗಳನ್ನೂ ಆ ಬಲೆ ಎಳೆದುಕೊಂಡು ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಪೈಪೆಟ್‌ನಲ್ಲಿ ತೆಗೆದುಕೊಂಡರೆ, ಇದ್ದದ್ದನ್ನು ಇಲ್ಲ ಅಂತ ಬರೆಯುತ್ತೀರಿ. ಮಧ್ಯದ ಧಾರೆಯ ಮೂತ್ರ ತೆಗೆದುಕೊಳ್ಳಿ, ತಕ್ಷಣ ಐಸ್ ಮೇಲಿಡಿ, ಎರಡು ಮೂರು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಮಾಡಿ ಕೋಶಗಳನ್ನು ಬೇರ್ಪಡಿಸಿ, ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80 ಡಿಗ್ರಿಯ ಫ್ರೀಜರ್‌ಗೆ ಹಾಕಿ. ಒಂದು ಟ್ಯೂಬನ್ನು ಒಂದೇ ಸಲ ಕರಗಿಸಬೇಕು. ಮಂಡ್ಯದ ಆಸ್ಪತ್ರೆಯಿಂದ ಸ್ಯಾಂಪಲ್ ತರುವುದಾದರೆ ಮೈಸೂರಿಗೆ ಸುಮಾರು 45 ಕಿಲೋಮೀಟರ್ ಇದೆ. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿನಲ್ಲಿ ಬಂದ ಸ್ಯಾಂಪಲ್ಲೂ ಪಕ್ಕದ ವಾರ್ಡಿನಿಂದ ಐದು ನಿಮಿಷದಲ್ಲಿ ಬಂದ ಸ್ಯಾಂಪಲ್ಲೂ ಒಂದೇ ಅಲ್ಲ. ರೋಗಿಗಳದ್ದೆಲ್ಲ ಒಂದು ಕಡೆಯಿಂದ, ಹೋಲಿಕೆಯವರದ್ದೆಲ್ಲ ಇನ್ನೊಂದು ಕಡೆಯಿಂದ ಬಂದರೆ ನೀವು ಅಳೆಯುವುದು ದಾರಿಯನ್ನು, ರೋಗವನ್ನಲ್ಲ. ಯಾರು ಎಷ್ಟು ನೀರು ಕುಡಿದಿದ್ದಾರೆ ಅನ್ನುವುದರ ಮೇಲೆ ಮೂತ್ರ ತೆಳುವಾಗುತ್ತದೆ, ಹಾಗಾಗಿ ಪ್ರತಿ ಸ್ಯಾಂಪಲ್ಲಿನ ಕ್ರಿಯಾಟಿನಿನ್ ಅಳೆದು ಅದಕ್ಕೆ ಹೊಂದಿಸಿ ಲೆಕ್ಕ ಹಾಕಿ.

ದುಡ್ಡಿನ ಮಾತು. ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಪ್ರೋಟೀನ್‌ಗಳನ್ನು ಟ್ರಿಪ್ಸಿನ್ ಅನ್ನುವ ಕಿಣ್ವದಿಂದ ತುಂಡು ಮಾಡಿ ತೂಗಿ ನೋಡುವುದಕ್ಕೆ ತುಂಬಾ ಖರ್ಚಾಗುತ್ತದೆ, ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅದು ಭಾರ. ನನ್ನ ಸಲಹೆ ಕೇಳುವುದಾದರೆ ಮೊದಲ ಆರು ತಿಂಗಳು ಮೂತ್ರ ಮುಟ್ಟಲೇಬೇಡಿ. ಬೇರೆಯವರು ಅಳೆದು ಎಲ್ಲರಿಗೂ ಬಿಟ್ಟಿರುವ ಮಾಹಿತಿ ಬೇಕಾದಷ್ಟಿದೆ. 2014ರಲ್ಲಿ ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್‌ನವರೂ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರೂ ಸೇರಿ, ಅಖಿಲೇಶ್ ಪಾಂಡೆಯವರ ಮುಂದಾಳತ್ವದಲ್ಲಿ, ಮನುಷ್ಯನ ಪ್ರೋಟೀನ್‌ಗಳ ಕರಡು ನಕ್ಷೆ ಪ್ರಕಟಿಸಿದರು. 17,294 ಜೀನ್‌ಗಳ ಪ್ರೋಟೀನ್ ಅದರಲ್ಲಿವೆ, ಆರೋಗ್ಯವಾದ ಕಿಡ್ನಿಯದ್ದೂ ಇವೆ. ನಮ್ಮ ಪಕ್ಕದ ಊರಿನಲ್ಲೇ ಆದ ಇಂಥ ಕೆಲಸದ ಬಗ್ಗೆ ನಮ್ಮ ಹುಡುಗ ಹುಡುಗಿಯರಿಗೆ ಹೆಮ್ಮೆ ಇರಬೇಕು. 2019ರಲ್ಲಿ ಕ್ಯಾನ್ಸರ್ ಗಡ್ಡೆಗಳ ಪ್ರೋಟೀನ್ ಅಧ್ಯಯನ ಮಾಡುವ ಅಮೆರಿಕದ ಸಿಪಿಟಿಎಸಿ ತಂಡ 103 ಕ್ಲಿಯರ್ ಸೆಲ್ ಗಡ್ಡೆಗಳ ಪ್ರೋಟೀನ್ ವಿವರ ಬಿಡುಗಡೆ ಮಾಡಿತು. ಯಾವ ಅಂಗದಲ್ಲಿ ಯಾವ ಪ್ರೋಟೀನ್ ಇದೆ ಅಂತ ತೋರಿಸುವ ಸ್ವೀಡನ್ನಿನ ಹ್ಯೂಮನ್ ಪ್ರೋಟೀನ್ ಅಟ್ಲಾಸ್ ಉಚಿತ. ಇವನ್ನು ಇಟ್ಟುಕೊಂಡು ಗಡ್ಡೆಯಲ್ಲಿ ಏರಿರುವ, ಆರೋಗ್ಯವಾದ ಅಂಗಗಳಲ್ಲಿ ಕಡಿಮೆ ಇರುವ, ಮೂತ್ರಕ್ಕೆ ಇಳಿಯಬಲ್ಲ ನಾಲ್ಕೈದು ಪ್ರೋಟೀನ್ ಆರಿಸಿ. ಆಮೇಲೆ ಸಂಶೋಧನೆಯಿಂದ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಒಬ್ಬ ಯುರಾಲಜಿ ಡಾಕ್ಟರನ್ನು ಜೊತೆಗೆ ಹಾಕಿಕೊಂಡು, ಆ್ಯಂಟಿಬಾಡಿ ಬಳಸಿ ಪ್ರೋಟೀನ್ ಅಳೆಯುವ ಎಲೈಸಾ ಪರೀಕ್ಷೆಯಲ್ಲಿ ಅವಷ್ಟನ್ನೇ ಸರಿಯಾದ ಹೋಲಿಕೆಯವರ ಜೊತೆ ಅಳೆಯಿರಿ. "ಈ ಪ್ರೋಟೀನ್ ಶುಗರ್ ರೋಗಿಗಳಲ್ಲೂ ಏರುತ್ತದೆ, ಕೆಲಸಕ್ಕೆ ಬರುವುದಿಲ್ಲ" ಅಂತ ಉತ್ತರ ಬಂದರೂ ಅದನ್ನು ಹಾಗೇ ಬರೆದು ಪ್ರಕಟಿಸಿ. ಇನ್ನೊಬ್ಬರ ಮೂರು ವರ್ಷ ಉಳಿಯುತ್ತದೆ.

ಪ್ರಶ್ನೆ: ಒಂದು ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗಿ, ಎಲ್ಲಾ ಕ್ಯಾನ್ಸರ್ ಮಾರ್ಕರ್ ಪ್ಯಾಕೇಜ್ ಅಂತ ಕೊಡ್ತಾರಂತೆ. ನಾನು, ನಮ್ಮೆಜಮಾನ್ರು ಇಬ್ಬರೂ ಆರೋಗ್ಯವಾಗಿದ್ದೀವಿ. ಮಾಡಿಸಿದರೆ ನಷ್ಟ ಏನು ಹೇಳಿ? — ಸರಸ್ವತಿಪುರಂ, ಮೈಸೂರು

ನಷ್ಟ ಇದೆ ಮೇಡಂ. ಲೆಕ್ಕ ಮಾಡೋಣ. ಹತ್ತು ಸಾವಿರ ಆರೋಗ್ಯವಾಗಿ ಕಾಣುವ ಜನರಲ್ಲಿ ಹತ್ತು ಜನರಿಗೆ ಗೊತ್ತಿಲ್ಲದ ಕಿಡ್ನಿ ಕ್ಯಾನ್ಸರ್ ಇದೆ ಅಂತ ಇಟ್ಟುಕೊಳ್ಳಿ. ಪರೀಕ್ಷೆ ತುಂಬಾ ಒಳ್ಳೆಯದು, ರೋಗ ಇದ್ದವರಲ್ಲಿ ನೂರಕ್ಕೆ 90 ಜನರನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 90 ಜನರಿಗೆ ಸರಿಯಾಗಿ "ಇಲ್ಲ" ಅನ್ನುತ್ತದೆ. ಹಾಗಾದರೆ ಹತ್ತು ರೋಗಿಗಳಲ್ಲಿ ಒಂಬತ್ತು ಜನ ಸಿಕ್ಕರು. ಉಳಿದ 9,990 ಜನರಲ್ಲಿ 999 ಜನರಿಗೆ ಸುಳ್ಳೇ "ಇದೆ" ಅಂತ ರಿಪೋರ್ಟ್ ಬಂತು. ಸಾವಿರ ಮನೆಗಳಲ್ಲಿ ಗಂಟಲಲ್ಲಿ ಅನ್ನ ಇಳಿಯಲ್ಲ, ನಿದ್ದೆ ಇಲ್ಲ, ಸಿಟಿ ಸ್ಕ್ಯಾನ್, ಬಯಾಪ್ಸಿ, ಖರ್ಚು, ಇಷ್ಟೆಲ್ಲ ಒಂಬತ್ತು ಜನರಿಗಾಗಿ. ಇದು ಒಳ್ಳೆಯ ಪರೀಕ್ಷೆಯ ಲೆಕ್ಕ. ಪ್ಯಾಕೇಜಿನಲ್ಲಿ ಬರುವ ಮಾರ್ಕರ್‌ಗಳಲ್ಲಿ, ಅಂದರೆ ಕ್ಯಾನ್ಸರಿನ ಗುರುತುಗಳಲ್ಲಿ, ಕಿಡ್ನಿಗೆ ಅಂತ ಒಪ್ಪಿತವಾದದ್ದೇ ಇಲ್ಲ.

ಬೇಗ ಸಿಕ್ಕರೆ ಸಾಕು, ಜೀವ ಉಳಿಯುತ್ತದೆ ಅಂತಲೂ ಇಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು, ಅಂಡಾಶಯದ ಕ್ಯಾನ್ಸರ್‌ಗೆ ಸಿಎ-125 ರಕ್ತ ಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರ್ಷಗಟ್ಟಲೆ ಪರೀಕ್ಷಿಸಿದರು. 2021ರಲ್ಲಿ ಬಂದ ಕೊನೆಯ ಫಲಿತಾಂಶದಲ್ಲಿ ಸಾವು ಕಡಿಮೆಯಾಗಿರಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಕುತ್ತಿಗೆ ಸ್ಕ್ಯಾನಿಂಗ್ ಊರೆಲ್ಲ ಶುರುವಾದ ಮೇಲೆ 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು, ಆದರೆ ಅದರಿಂದ ಸಾಯುವವರ ಸಂಖ್ಯೆ ಇದ್ದಲ್ಲೇ ಇತ್ತು. ಸಾವಿರಾರು ಜನ ಸುಮ್ನೆ ಥೈರಾಯ್ಡ್ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು. ಕಿಡ್ನಿಯಲ್ಲೂ ಏನೂ ಮಾಡದೆ ತಣ್ಣಗೆ ಕೂರುವ ಸಣ್ಣ ಗಡ್ಡೆಗಳಿವೆ.

ಆ ದುಡ್ಡಿನಲ್ಲಿ ಇಬ್ಬರೂ ಬಿಪಿ, ಶುಗರ್ ನೋಡಿಸಿ. ಬಿಪಿ ಹತೋಟಿಯಲ್ಲಿಡಿ, ಸೊಂಟದ ಸುತ್ತಳತೆ ಕಡಿಮೆ ಮಾಡಿ, ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಬಿಡಿಸಿ. ಕಿಡ್ನಿ ಕ್ಯಾನ್ಸರ್‌ಗೆ ದಾರಿ ಮಾಡುವುದು ಈ ಮೂರೇ ಜಾಸ್ತಿ. ಮೇಲೆ ಹೇಳಿದ ವಿಎಚ್‌ಎಲ್ ಜೀನ್ ಹುಟ್ಟಿನಿಂದಲೇ ಕೆಟ್ಟಿರುವ ವಿಎಚ್‌ಎಲ್ ಕಾಯಿಲೆ ಮನೆತನದಲ್ಲಿ ಇದ್ದರೆ, ಅಥವಾ ಹತ್ತಿರದ ಇಬ್ಬರು ಮೂವರಿಗೆ ಕಿಡ್ನಿ ಗಡ್ಡೆ ಬಂದಿದ್ದರೆ ಮಾತು ಬೇರೆ. ಅಂಥವರು ಡಾಕ್ಟರ ಸಲಹೆ ಮೇಲೆ ಆಗಾಗ ಸ್ಕ್ಯಾನ್ ಮಾಡಿಸಿಕೊಳ್ಳಲೇಬೇಕು.

ಪ್ರಶ್ನೆ: ಬೆಳಿಗ್ಗೆ ಮೂತ್ರದಲ್ಲಿ ನೊರೆ ಬರುತ್ತೆ. ಇದು ಕಿಡ್ನಿ ಕ್ಯಾನ್ಸರಾ? ಭಯ ಆಗ್ತಿದೆ. — ಪಾಂಡವಪುರ

ನೊರೆ ಕ್ಯಾನ್ಸರಿನ ಗುರುತಲ್ಲ. ಜೋರಾಗಿ ಬಿದ್ದರೂ ನೊರೆ ಬರುತ್ತದೆ. ದಿನಾ ಬಂದು, ನೀರು ಹಾಕಿದರೂ ಹೋಗದಿದ್ದರೆ ಆಲ್ಬುಮಿನ್ ಸೋರುತ್ತಿರಬಹುದು, ಅದಕ್ಕೆ ಸಾಮಾನ್ಯವಾಗಿ ಶುಗರ್ ಇಲ್ಲವೇ ಬಿಪಿ ಕಾರಣ. ಮೂತ್ರದ ಆಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಅಂತ ಒಂದು ಪರೀಕ್ಷೆ ಇದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರಿಗೆ ತೋರಿಸಿ ಕೇಳಿ. ಮೂತ್ರ ಕೆಂಪಗೆ ಬಂದರೆ ಮಾತ್ರ, ಒಂದೇ ಸಲ ಬಂದು ನಿಂತರೂ, ನೋವಿಲ್ಲದಿದ್ದರೂ, ಉಷ್ಣ ಅಂತ ಎಳನೀರು ಕುಡಿದು ಸುಮ್ಮನಾಗಬೇಡಿ. ಅದೇ ವಾರ ಹೋಗಿ ತೋರಿಸಿ.

ಪ್ರಶ್ನೆ: ಅಮ್ಮನಿಗೆ ಕಿಡ್ನಿ ಗಡ್ಡೆ ಆಪರೇಷನ್ ಇದೆ. ಆಸ್ಪತ್ರೆಯವರು ಸಂಶೋಧನೆಗೆ ಅಂತ ಆಪರೇಷನ್ ಮೊದಲು, ಆಮೇಲೆ ಸ್ವಲ್ಪ ರಕ್ತ, ಮೂತ್ರ ಕೊಡ್ತೀರಾ ಅಂತ ಕೇಳಿ ಒಂದು ಫಾರಂ ಕೊಟ್ಟಿದ್ದಾರೆ. ಸಹಿ ಹಾಕಬಹುದಾ? ನಮಗೇನಾದರೂ ತೊಂದರೆ ಆಗುತ್ತಾ? — ಶ್ರೀರಂಗಪಟ್ಟಣ

ತೊಂದರೆ ಆಗುವುದಿಲ್ಲ, ಆದರೆ ಓದದೆ ಸಹಿ ಹಾಕಬೇಡಿ. ಫಾರಂ ಕನ್ನಡದಲ್ಲಿ ಕೊಡಿ ಅಂತ ಕೇಳುವ ಹಕ್ಕು ನಿಮಗಿದೆ. ನೈತಿಕ ಸಮಿತಿ ಒಪ್ಪಿದೆಯೇ, ಅಮ್ಮನ ಹೆಸರು ಗುಟ್ಟಾಗಿ ಇಡುತ್ತಾರೆಯೇ, ಉಳಿದ ಸ್ಯಾಂಪಲ್ ಏನು ಮಾಡುತ್ತಾರೆ, ಇಷ್ಟು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ಚಿಕಿತ್ಸೆಯಲ್ಲಿ ವ್ಯತ್ಯಾಸ ಮಾಡುವಂತಿಲ್ಲ. ಅಮ್ಮನಿಗೆ ಇದರಿಂದ ನೇರವಾಗಿ ಲಾಭ ಇಲ್ಲ, ಅದನ್ನೂ ತಿಳಿದುಕೊಂಡೇ ಒಪ್ಪಬೇಕು.

ಆಪರೇಷನ್ ಆದಮೇಲಿನ ಸ್ಯಾಂಪಲ್ ಯಾಕೆ ಕೇಳುತ್ತಾರೆ ಅಂದರೆ, ಗಡ್ಡೆಯಿಂದಲೇ ಬರುತ್ತಿದ್ದ ಪ್ರೋಟೀನ್ ಆದರೆ ಗಡ್ಡೆ ತೆಗೆದ ಮೇಲೆ ಇಳಿಯಬೇಕು. ಇಳಿಯದಿದ್ದರೆ ಅದು ಬೇರೆ ಎಲ್ಲಿಂದಲೋ ಬರುತ್ತಿತ್ತು ಅಂತ ಅರ್ಥ. ಒಬ್ಬರದ್ದೇ ಮೊದಲಿನದ್ದು, ಆಮೇಲಿನದ್ದು, ಎರಡೂ ಸಿಗುವುದು ಅಪರೂಪ, ಯಾಕಂದರೆ ಡಿಸ್ಚಾರ್ಜ್ ಆದಮೇಲೆ ಎಷ್ಟೋ ಜನ ವಾಪಸ್ ಬರುವುದೇ ಇಲ್ಲ. ಹಾಗಾಗಿ ಒಪ್ಪಿದರೆ ಎರಡನೇ ಸಲದ್ದನ್ನು ತಪ್ಪದೆ ಕೊಡಿ. ಹೊಲಿಗೆ ಬಿಚ್ಚಿಸಲು ಅಥವಾ ಚೆಕಪ್‌ಗೆ ಹೋದ ದಿನವೇ ಕೊಟ್ಟು ಬರಬಹುದಾ ಅಂತ ಈಗಲೇ ಕೇಳಿಟ್ಟುಕೊಳ್ಳಿ, ಅಮ್ಮನಿಗೆ ಇನ್ನೊಂದು ಓಡಾಟ ತಪ್ಪುತ್ತದೆ.